ಗುಡ್ಡೆ ಬಾಡಿನ ಚೀಟಿ, ಪೊಟ್ಟಣದ ಚೀಟಿ

ನಮ್ಮ ಹಳೇ ಮೈಸೂರಿನ ಕಡೆ ಯುಗಾದಿ ಎರಡು ದಿನದ ಹಬ್ಬ. ಮೊದಲ ದಿನ ಬೇವುಬೆಲ್ಲ, ಒಬ್ಬಟ್ಟು. ಮರುದಿನ ವರ್ಷತೊಡಕು; ಹೊಸತೊಡಕು ಅನ್ನುವವರೂ ಇದ್ದಾರೆ. ಅವತ್ತು ಒಲೆಯ ಮೇಲೆ ಬಾಡು ಬೇಯದಿದ್ದರೆ ಹಬ್ಬ ಮಾಡಿದ ಹಾಗೇ ಅಲ್ಲ. ನಾನು ಹುಟ್ಟಿ ಬೆಳೆದದ್ದು ನೆಲಮಂಗಲ ತಾಲ್ಲೂಕು ಸೋಂಪುರ ಹೋಬಳಿಯ ಒಂದು ಹಳ್ಳಿಯಲ್ಲಿ. ಅಲ್ಲಿ ವರ್ಷತೊಡಕಿಗೆಂದೇ ಚೀಟಿ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ. ವಾರಕ್ಕಿಷ್ಟು ಅಂತ ವರ್ಷವಿಡೀ ದುಡ್ಡು ಕಟ್ಟುವುದು. ಹಬ್ಬ ಇನ್ನೂ ಹದಿನೈದು ದಿನ ಇರುವಾಗ ನಾಲ್ಕು ಜನ ಗಂಡಸರು ಸಂತೆಗೆ ಹೋಗಿ, ಮರಿಗಳ ಬೆನ್ನು ಹಿಚುಕಿ ಹಲ್ಲು ನೋಡಿ ಹಿಡಿದುಕೊಂಡು ಬರುವುದು. ವರ್ಷತೊಡಕಿನ ದಿನ ಕತ್ತಲಿರುವಾಗಲೇ ಕುಯ್ದು ಟಾರ್ಪಾಲಿನ ಮೇಲೆ ಗುಡ್ಡೆ ಹಾಕುವುದು. ಒಂದೊಂದು ಗುಡ್ಡೆಗೂ ಇಷ್ಟು ತೊಡೆ, ಇಷ್ಟು ಎಲುಬು, ಒಂದು ಚೂರು ಲಿವರು, ಒಂದು ಹಿಡಿ ಬೋಟಿ. ಎಂಟು ಗಂಟೆಯೊಳಗೆ ಆ ಗುಡ್ಡೆ ಮನೆಮನೆಯ ಪಾತ್ರೆಯಲ್ಲಿ ಕುದಿಯುತ್ತಿರುತ್ತಿತ್ತು.

ಆ ಬಾಡಿನ ಮೇಲೆ ಒಂದಕ್ಷರ ಬರೆದಿರಲಿಲ್ಲ. ಆದರೂ ಯಾವ ಸಂತೆಯ ಮರಿ, ಹಿಡಿದವರು ಯಾರು, ಕುಯ್ದದ್ದು ಎಷ್ಟು ಹೊತ್ತಿಗೆ, ಯಾರ ಕತ್ತಿ, ಎಲ್ಲ ಊರಿಗೇ ಗೊತ್ತಿತ್ತು.

ಈಗ ನಾನಿರುವುದು ಮಾಕಳಿಯಲ್ಲಿ. ಮಾಕಳಿ ಅಂದ ಕೂಡಲೇ ಕೆಲವರು ದೊಡ್ಡಬಳ್ಳಾಪುರದ ಆಚೆಯ ಮಾಕಳಿದುರ್ಗದ ಬೆಟ್ಟ ಅಂದುಕೊಳ್ಳುತ್ತಾರೆ. ಅದಲ್ಲ, ಇದು ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿದ ಮೇಲೆ ಸಿಗುವ ಮಾಕಳಿ, ಹಿಮಾಲಯ ಔಷಧ ಕಂಪನಿಯ ಮಾಕಳಿ. 2024ರ ನವೆಂಬರ್ 7ರಂದು ಮಾದಾವರದವರೆಗೆ ಮೆಟ್ರೊ ಬಂತು. ಸೂಪರ್ ಮಾರ್ಕೆಟ್ಟಿನ ಮಾಂಸ ಅದಕ್ಕೂ ಮುಂಚೆಯೇ ನಮ್ಮ ಮನೆಗಳಿಗೆ ಬಂದುಬಿಟ್ಟಿತ್ತು. ಬೆಳಗಿನ ಜಾವ ಹೆದ್ದಾರಿಯಲ್ಲಿ ಕೋಳಿ ತುಂಬಿದ ಗಾಡಿಗಳು ಪುಕ್ಕ ಹಾರಿಸಿಕೊಂಡು ಬೆಂಗಳೂರಿನ ಕಡೆ ಹೋಗುವುದನ್ನು ನಾವು ನೋಡುತ್ತೇವೆ. ಅದೇ ಕೋಳಿ ಎರಡು ದಿನ ಬಿಟ್ಟು ಬಿಳಿ ತಟ್ಟೆಯಲ್ಲಿ ಕೂತು, ಪ್ಲಾಸ್ಟಿಕ್ ಹೊದ್ದುಕೊಂಡು ವಾಪಸು ಬಂದರೆ ಗುರುತು ಹಿಡಿಯುವುದು ಹೇಗೆ?

ಈ ಪ್ರಶ್ನೆ ನನ್ನದಲ್ಲ, ನಮ್ಮ ಅವ್ವನದು. ಒಂದು ಸಲ ಅವಳನ್ನು ಸೂಪರ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಮಾಂಸದ ಫ್ರಿಜ್ಜಿನ ಮುಂದೆ ನಿಂತು ಒಂದು ಪೊಟ್ಟಣ ಎತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. ಮೂಗಿನ ಹತ್ತಿರ ತಂದಳು. ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟು ಏನೂ ಬರಲಿಲ್ಲ.

“ಇದಕ್ಕೆ ತಲೆನೂ ಇಲ್ಲ, ಕಾಲೂ ಇಲ್ಲ. ಯಾವತ್ತು ಕುಯ್ದಿದ್ದೋ ಏನೋ. ಹೆಂಗೆ ನಂಬ್ತೀಯ ಮಗಾ?”

“ಅದರ ಮೇಲೇ ಬರ್ದವ್ರೆ ಕಣವ್ವಾ.”

“ಓದಿ ಹೇಳು ಮತ್ತೆ.”

ಓದಿದೆ. ಓದುತ್ತಾ ಓದುತ್ತಾ ನನಗೇ ಅದರಲ್ಲಿ ಅರ್ಧ ಗೊತ್ತಿಲ್ಲ ಅಂತ ಗೊತ್ತಾಯಿತು. ಇಷ್ಟು ವರ್ಷ ಬೆಲೆ ಒಂದನ್ನು ನೋಡಿ ಬುಟ್ಟಿಗೆ ಹಾಕಿಕೊಂಡು ಬರುತ್ತಿದ್ದವಳು ನಾನು. ಅಲ್ಲಿಂದೀಚೆಗೆ ಕೇಳಿ, ಓದಿ, ತಪ್ಪು ಮಾಡಿ ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಕಣ್ಣಿಗೆ ಬೀಳುವುದು ಗುರುತು. ಮಾಂಸಾಹಾರಕ್ಕೆ ಹಿಂದೆ ಕಂದು ಚೌಕದೊಳಗೆ ಕಂದು ಚುಕ್ಕೆ ಇತ್ತು. 2020ರ ಲೇಬಲ್ ನಿಯಮ ಬಂದ ಮೇಲೆ ಅದು ಕಂದು ತ್ರಿಕೋನವಾಗಿದೆ. ಸಸ್ಯಾಹಾರದ ಹಸಿರು ಚುಕ್ಕೆ ಹಾಗೇ ಇದೆ. ಹಸಿರು, ಕಂದು ಎರಡೂ ಒಂದೇ ಥರ ಕಾಣುವ ಕಣ್ಣುಗಳಿರುತ್ತವಲ್ಲ, ಅವರಿಗೆ ಈಗ ಆಕಾರದಿಂದಲೇ ತಿಳಿಯುತ್ತದೆ.

ಆಮೇಲೆ ಎಫ್‌ಎಸ್‌ಎಸ್‌ಎಐ ಅನ್ನುವ ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತಿನ ಕೆಳಗೆ 14 ಅಂಕಿಗಳ ಒಂದು ಸಂಖ್ಯೆ. ಇದನ್ನು ಯಾರೂ ಓದುವುದಿಲ್ಲ. ಒಂದು ಸಲ ಓದಿ ನೋಡಿ, ಅದರಲ್ಲಿ ಮಜಾ ಇದೆ. ಮೊದಲ ಅಂಕಿ 1 ಆಗಿದ್ದರೆ ಲೈಸೆನ್ಸು, 2 ಆಗಿದ್ದರೆ ಸಣ್ಣ ವ್ಯಾಪಾರಿಯ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 12, ಕೇಂದ್ರದಿಂದಲೇ ಪಡೆದ ಲೈಸೆನ್ಸಾದರೆ 00. ಅದರ ಮುಂದಿನ ಎರಡು, ಲೈಸೆನ್ಸು ಕೊಟ್ಟ ವರ್ಷ. 2011ರ ನಿಯಮದ ಪ್ರಕಾರ ದಿನಕ್ಕೆ 50 ಕೋಳಿಯವರೆಗೆ ಕುಯ್ಯುವವರಿಗೆ ನೋಂದಣಿ ಸಾಕು, ಅದಕ್ಕಿಂತ ಹೆಚ್ಚಾದರೆ ಲೈಸೆನ್ಸು ಬೇಕು. ಈ ಸಂಖ್ಯೆಯನ್ನು ಫಾಸ್ಕಾಸ್ ಎಂಬ ಸರ್ಕಾರಿ ತಾಣದಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ, ಜೀವಂತ ಇದೆಯೋ ಇಲ್ಲವೋ ಅಂತ ಮೊಬೈಲಿನಲ್ಲೇ ಗೊತ್ತಾಗುತ್ತದೆ. ಒಂದು ಮಾತು ನೆನಪಿರಲಿ. ಈ ಸಂಖ್ಯೆ ಇದ್ದರೆ ವ್ಯಾಪಾರಕ್ಕೆ ಅನುಮತಿ ಇದೆ ಅಂತ ಅರ್ಥ, ಅಷ್ಟೇ. ನಿಮ್ಮ ಕೈಯಲ್ಲಿರುವ ಪೊಟ್ಟಣವನ್ನು ಯಾರೋ ಪರೀಕ್ಷೆ ಮಾಡಿ ಕಳಿಸಿದ್ದಾರೆ ಅಂತ ಅಲ್ಲ.

ಇನ್ನು ತಾರೀಖು. ಅವ್ವ ಕೇಳಿದ್ದು ಇದನ್ನೇ: ಯಾವತ್ತು ಕುಯ್ದಿದ್ದು? ನಾನು ನೋಡಿದ ಬಹಳಷ್ಟು ಪೊಟ್ಟಣಗಳಲ್ಲಿ ಇದಕ್ಕೆ ಉತ್ತರ ಇಲ್ಲ. ‘ಪ್ಯಾಕ್ಡ್ ಆನ್’ ಅಂತ ಇರುತ್ತದೆ, ಅದು ಪೊಟ್ಟಣ ಕಟ್ಟಿದ ದಿನ. ಎಲ್ಲೋ ಕುಯ್ದು, ತಂಪಿನಲ್ಲಿಟ್ಟು, ಇಲ್ಲಿಗೆ ತಂದು ತುಂಡು ಮಾಡಿ ತಟ್ಟೆಗೆ ಹಾಕಿದ ದಿನವೂ ಅದೇ ಆಗಬಹುದು. ಇನ್ನೊಂದು ತಾರೀಖು ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’. ಇದು ಈಗ ಕಡ್ಡಾಯ. ‘ಬೆಸ್ಟ್ ಬಿಫೋರ್’ ಬೇರೆ. ಅದು ರುಚಿ, ಹದದ ಮಾತು, ಬಿಸ್ಕತ್ತಿಗೆ ಸರಿ. ಹಸಿ ಮಾಂಸದ ವಿಷಯದಲ್ಲಿ ನೀವು ನೋಡಬೇಕಾದದ್ದು ಯೂಸ್ ಬೈ ಮಾತ್ರ, ಮತ್ತು ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವ ಷರತ್ತು: 0ರಿಂದ 4 ಡಿಗ್ರಿಯಲ್ಲಿ ಇಟ್ಟರೆ. ಈ ‘ಇಟ್ಟರೆ’ಯಲ್ಲೇ ಎಲ್ಲ ಇದೆ. ಆಮೇಲೆ ಅದಕ್ಕೆ ಬರುತ್ತೇನೆ.

ತಾರೀಖಿನ ವಿಷಯದಲ್ಲಿ ನನಗೇ ಆದ ಅನುಭವ ಹೇಳಬೇಕು. ಅಂಗಡಿಯ ಹೆಸರು ಬೇಡ. ಒಂದು ಕೋಳಿ ಪೊಟ್ಟಣದ ಲೇಬಲ್ಲು ಒಂದು ಮೂಲೆಯಲ್ಲಿ ಎದ್ದಿತ್ತು. ಉಗುರಿನಿಂದ ಎಳೆದರೆ ಕೆಳಗೆ ಇನ್ನೊಂದು ಲೇಬಲ್ಲು. ಮೇಲಿನದರಲ್ಲಿ ಪ್ಯಾಕ್ ಮಾಡಿದ ದಿನ 13, ಕೆಳಗಿನದರಲ್ಲಿ 11. ಅಲ್ಲಿದ್ದ ಹುಡುಗನಿಗೆ ತೋರಿಸಿದೆ. “ಸಾರಿ ಆಂಟಿ, ಮಿಸ್ಟೇಕು” ಅಂತ ಅದನ್ನು ಕಿತ್ತುಕೊಂಡು ಇನ್ನೊಂದು ಕೊಡಲು ಬಂದ. ನಾನು ಅಲ್ಲಿಗೇ ಬಿಟ್ಟುಬಂದೆ. ಬಿಡಬಾರದಿತ್ತು, ಫೋಟೊ ತೆಗೆದುಕೊಳ್ಳಬೇಕಿತ್ತು. ಅಂದಿನಿಂದ ಲೇಬಲ್ಲಿನ ಮೇಲೆ ಬೆರಳಾಡಿಸದೆ ನಾನು ಪೊಟ್ಟಣ ತರುವುದಿಲ್ಲ. ದಪ್ಪ ಇದ್ದರೆ ಬೆರಳಿಗೆ ಗೊತ್ತಾಗುತ್ತದೆ.

‘ತಾಜಾ’, ಅಂದರೆ ‘ಫ್ರೆಶ್’, ಅನ್ನುವ ಮಾತಿಗೂ ಒಂದು ಕಾನೂನಿನ ಅರ್ಥವಿದೆ. ತೊಳೆದ, ಸಿಪ್ಪೆ ತೆಗೆದ, ಕತ್ತರಿಸಿದ, ತಂಪು ಮಾಡಿದ ಪದಾರ್ಥಕ್ಕೆ ಆ ಮಾತು ಹಾಕಬಹುದು. ಹಾಗಾಗಿ ಫ್ರಿಜ್ಜಿನಲ್ಲಿ ಎರಡು ದಿನ ಇದ್ದ ಕೋಳಿಯೂ ಕಾನೂನಿನ ಕಣ್ಣಿನಲ್ಲಿ ಫ್ರೆಶ್ಶೇ. ಇದು ಮೋಸ ಅಲ್ಲ. ಕುಯ್ದ ಕೂಡಲೇ ಸರಿಯಾಗಿ ತಂಪು ಮಾಡಿ, ತಂಪು ಮುರಿಯದ ಹಾಗೆ ಇಟ್ಟ ಮಾಂಸ, ಮಧ್ಯಾಹ್ನ ಹನ್ನೆರಡರವರೆಗೆ ಬಿಸಿಲಲ್ಲಿ ಕೊಕ್ಕೆಗೆ ನೇತುಬಿದ್ದ ‘ಇವತ್ತಿನ’ ಮಾಂಸಕ್ಕಿಂತ ಎಷ್ಟೋ ಮೇಲು. ಈ ಮಾತನ್ನು ಒಪ್ಪಲು ನಮ್ಮ ಅವ್ವನಿಗೆ ಎರಡು ವರ್ಷ ಬೇಕಾಯಿತು.

ಈಗ ಆ ‘ಇಟ್ಟರೆ’ಗೆ ಬರೋಣ. ಮಾಂಸ ಕೆಡುವುದು ಕ್ಯಾಲೆಂಡರ್ ನೋಡಿಕೊಂಡಲ್ಲ, ಶಾಖ ನೋಡಿಕೊಂಡು. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಶಾಖ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಹಿತವಾದ ಶಾಖ ಸಿಕ್ಕರೆ ಕೆಲವು 20 ನಿಮಿಷಕ್ಕೊಂದು ಸಲ ಇಮ್ಮಡಿಯಾಗುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ಇದ್ದದ್ದು ಮೂರು ಗಂಟೆಯಲ್ಲಿ 512. ಆದ್ದರಿಂದ ಲೇಬಲ್ಲಿನಲ್ಲಿ ಇನ್ನೂ ಎರಡು ದಿನ ಬಾಕಿ ಇದ್ದರೂ, ನಡುವೆ ಅರ್ಧ ದಿನ ಕರೆಂಟು ಹೋಗಿದ್ದರೆ ಆ ತಾರೀಖಿಗೆ ಬೆಲೆ ಇಲ್ಲ. ಅಂಗಡಿಯ ಫ್ರಿಜ್ಜು ರಾತ್ರಿ ಹೇಗಿತ್ತು ಅಂತ ಲೇಬಲ್ಲು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ಹುಡುಕುವುದು ಹೀಗೆ. ಪೊಟ್ಟಣ ಹಿಡಿದರೆ ಅಂಗೈ ಜುಮ್ಮೆನ್ನಬೇಕು. ಬರೀ ತಣ್ಣಗಿದ್ದರೆ ಸಾಲದು. ಮುಂದೆ ಬಾಗಿಲಿಲ್ಲದ ತೆರೆದ ಫ್ರಿಜ್ಜುಗಳ ಒಳಗೋಡೆಯಲ್ಲಿ ಒಂದು ಗೆರೆ ಇರುತ್ತದೆ, ಅದನ್ನು ಲೋಡ್ ಲೈನ್ ಅನ್ನುತ್ತಾರೆ. ತಂಪುಗಾಳಿ ಆ ಗೆರೆಯ ಕೆಳಗೆ ಮಾತ್ರ ಓಡಾಡುತ್ತದೆ. ಗೆರೆಯ ಮೇಲೆ ಪೇರಿಸಿಟ್ಟ ಪೊಟ್ಟಣ ಫ್ರಿಜ್ಜಿನಲ್ಲಿದ್ದರೂ ಒಂದೇ, ಗಲ್ಲಾಪೆಟ್ಟಿಗೆಯ ಪಕ್ಕ ಇದ್ದರೂ ಒಂದೇ. ಮೇಲಿನದು ಬಿಟ್ಟು ಕೈ ಒಳಗೆ ಹಾಕಿ ತೆಗೆಯಿರಿ, ಯಾರೂ ಬೈಯುವುದಿಲ್ಲ. ಪೊಟ್ಟಣ ಗಾಳಿ ತುಂಬಿ ಉಬ್ಬಿದ್ದರೆ, ತಟ್ಟೆಯ ಅಡಿಯಲ್ಲಿ ನೀರು ತುಳುಕುತ್ತಿದ್ದರೆ ಬೇಡ. ಫ್ರೋಜನ್ ಮಾಂಸ ಮೈನಸ್ 18 ಡಿಗ್ರಿಯಲ್ಲಿರಬೇಕು. ಅಲ್ಲಾಡಿಸಿದರೆ ತುಂಡುಗಳು ಕಲ್ಲಿನ ಹಾಗೆ ಬಿಡಿಬಿಡಿಯಾಗಿ ಸದ್ದು ಮಾಡಿದರೆ ಒಳ್ಳೆಯದು. ಎಲ್ಲ ಸೇರಿ ಒಂದೇ ಗಟ್ಟಿಯಾಗಿ, ಒಳಗೆ ಉಪ್ಪಿನ ಹರಳಿನಂಥ ಮಂಜು ಕಟ್ಟಿದ್ದರೆ ಅದು ನಡುವೆ ಒಂದು ಸಲ ಕರಗಿ ಮತ್ತೆ ಹೆಪ್ಪುಗಟ್ಟಿರುವ ಲಕ್ಷಣ. ಹೆಪ್ಪುಗಟ್ಟಿಸಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮಲಗಿರುತ್ತವೆ. ಕರಗಿದ ಕೂಡಲೇ ಏಳುತ್ತವೆ.

ಇನ್ನು ನಾವು ಸುಮ್ಮಸುಮ್ಮನೆ ಹೆದರುವ ಕೆಲವು ಸಂಗತಿಗಳಿವೆ. ತಟ್ಟೆಯಲ್ಲಿ ಸೋರುವ ಕೆಂಪು ನೀರು ರಕ್ತ ಅಂತ ಅಂದುಕೊಳ್ಳುತ್ತೇವೆ. ಅದು ಹೆಚ್ಚುಪಾಲು ನೀರು ಮತ್ತು ಮಯೊಗ್ಲೋಬಿನ್ ಅನ್ನುವ, ಮಾಂಸಖಂಡದ್ದೇ ಬಣ್ಣ. ಗಾಳಿ ತೆಗೆದು ಪ್ಯಾಕ್ ಮಾಡಿದ ಮಟನ್ನು ನೇರಳೆಯಾಗಿ ಕಾಣುವುದಕ್ಕೂ, ಬಿಚ್ಚಿದ ಮೇಲೆ ಕೆಂಪಾಗುವುದಕ್ಕೂ ಅದೇ ಕಾರಣ. ಫ್ರೋಜನ್ ಕೋಳಿ ಬೇಯಿಸಿದಾಗ ಎಲುಬಿನ ಸುತ್ತ ಕಪ್ಪಾದರೆ ಹಳೆಯದು ಅಂತ ಎಸೆಯುವವರಿದ್ದಾರೆ. ಎಳೆಯ ಕೋಳಿಯ ಎಲುಬಿನ ಮಜ್ಜೆಯ ಬಣ್ಣ ಹೊರಗೆ ಜಿನುಗಿದ್ದು ಅದು, ತಿನ್ನಬಹುದು.

ಆದರೆ ಹೆದರಬೇಕಾದ್ದಕ್ಕೆ ನಾವು ಹೆದರುವುದಿಲ್ಲ. ನಾತ ಬಂದರೆ ಕೆಟ್ಟಿದೆ ಅನ್ನುವುದು ಸರಿ. ನಾತ ಇಲ್ಲ ಅಂದರೆ ಚೆನ್ನಾಗಿದೆ ಅನ್ನುವುದು ತಪ್ಪು. ನಾತ ಹುಟ್ಟಿಸುವ ಬ್ಯಾಕ್ಟೀರಿಯಾಗಳೇ ಬೇರೆ, ಕಾಯಿಲೆ ತರುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ಗಳೇ ಬೇರೆ. ಎರಡನೆಯವು ಮೂಗಿಗೆ ಸಿಕ್ಕುವುದಿಲ್ಲ.

ಲೇಬಲ್ಲಿನ ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ ಬರೆದಿರುವುದನ್ನು ನಾನು ಕೊನೆಗೆ ಓದುತ್ತೇನೆ. ‘ಹಾರ್ಮೋನ್ ಇಲ್ಲ’ ಅಂತ ಒಬ್ಬರು ಬರೆದಿರುತ್ತಾರೆ. ಬಾಯ್ಲರ್ ಕೋಳಿ ಆರು ವಾರದಲ್ಲಿ ಎರಡು ಕೆಜಿ ಆಗುವುದು ತಳಿಯಿಂದ, ಮೇವಿನಿಂದ. ಸೂಜಿ ಚುಚ್ಚಿ ಅಲ್ಲ. ಇಲ್ಲದ್ದನ್ನು ಇಲ್ಲ ಅಂತ ಬರೆದುಕೊಂಡರೆ ಅದಕ್ಕೆ ಹೆಚ್ಚು ದುಡ್ಡು ಯಾಕೆ? ಆಂಟಿಬಯೋಟಿಕ್ ವಿಷಯ ಹಾಗಲ್ಲ, ಅದು ನಿಜವಾದ ಚಿಂತೆ. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ, ಸುತ್ತಮುತ್ತಲಿನ 70 ಕೋಳಿ ಮಾದರಿ ಪರೀಕ್ಷಿಸಿದಾಗ ನೂರಕ್ಕೆ 40ರಲ್ಲಿ ಆಂಟಿಬಯೋಟಿಕ್ ಉಳಿಕೆ ಸಿಕ್ಕಿತ್ತು. ಮನುಷ್ಯನಿಗೆ ಕೊನೆಯ ಅಸ್ತ್ರ ಅಂತ ವೈದ್ಯರು ಇಟ್ಟುಕೊಂಡಿರುವ ಕೊಲಿಸ್ಟಿನ್ ಔಷಧವನ್ನು ಕೋಳಿ, ಮೀನು, ದನಕ್ಕೆ ಕೊಡಬಾರದು ಅಂತ ಕೇಂದ್ರ ಸರ್ಕಾರ ನಿಷೇಧಿಸಿದ್ದು 2019ರ ಜುಲೈನಲ್ಲಿ. ಪೊಟ್ಟಣದ ಮೇಲೆ ‘ಆಂಟಿಬಯೋಟಿಕ್ ಉಳಿಕೆ ಇಲ್ಲ’ ಅಂತ ಇದ್ದರೆ, ಔಷಧ ಕೊಟ್ಟಿರಬಹುದು, ಕುಯ್ಯುವ ಮುಂಚೆ ಕೆಲವು ದಿನ ನಿಲ್ಲಿಸಿದ್ದಾರೆ ಅಂತ ಅರ್ಥ. ‘ಆಂಟಿಬಯೋಟಿಕ್ ಇಲ್ಲದೆ ಸಾಕಿದ್ದು’ ಅನ್ನುವುದು ಬೇರೆ ಮಾತು. ಎರಡನ್ನೂ ಒಂದೇ ಬೆಲೆಗೆ ಕೊಳ್ಳಬೇಡಿ.

‘ನಾಟಿ’ ಅನ್ನುವುದೂ ಹಾಗೆಯೇ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ತಳಿ ನಿಮಗೆ ಗೊತ್ತಿರಬಹುದು. ಬಣ್ಣಬಣ್ಣದ ಪುಕ್ಕ, ನೋಡಲು ನಾಟಿ ಕೋಳಿ, ತೂಕ ಬರುವುದು ಬೇಗ. ಬಡವರ ಹಿತ್ತಲಿಗೆ ಅದು ಉಪಕಾರ ಮಾಡಿದೆ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಪುಕ್ಕ ಕಿತ್ತು ತುಂಡು ಮಾಡಿದ ಮೇಲೆ ಯಾವುದು ಊರ ತಿಪ್ಪೆ ಕೆದರಿದ್ದು, ಯಾವುದು ಶೆಡ್ಡಿನಲ್ಲಿ ಬೆಳೆದದ್ದು ಅಂತ ಆ ಒಂದು ಪದ ಹೇಳುವುದಿಲ್ಲ.

ಬರೀ ಕೋಳಿಯೋ ಬರೀ ಮಟನ್ನೋ ಆಗಿದ್ದರೆ ಪದಾರ್ಥಗಳ ಪಟ್ಟಿ ಬೇಕಾಗಿಲ್ಲ. ಪಟ್ಟಿ ಇದೆ ಅಂದರೆ ಏನೋ ಸೇರಿದೆ, ಅದನ್ನು ಓದಲೇಬೇಕು. ಮಸಾಲೆ ಹಚ್ಚಿ ಇಟ್ಟ ಕಬಾಬಿನ ತಟ್ಟೆಗಳು ಕಣ್ಣು ಕುಕ್ಕುತ್ತಿರುತ್ತವಲ್ಲ, ಅಲ್ಲಿ ಐಎನ್‌ಎಸ್ 110 ಅಥವಾ 122 ಅಂತ ಇದೆಯೋ ನೋಡಿ. ಸೇರಿಸಿದ ಪದಾರ್ಥಗಳ ಸಂಖ್ಯೆ ಇವು: 110 ಸನ್‌ಸೆಟ್ ಯೆಲ್ಲೊ, 122 ಕಾರ್ಮೋಯ್ಸಿನ್. ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 2024ರಲ್ಲಿ 39 ಕಬಾಬ್ ಮಾದರಿ ಪರೀಕ್ಷಿಸಿದಾಗ 8ರಲ್ಲಿ ಇಂಥ ಬಣ್ಣ ಸಿಕ್ಕಿ, ಆ ಜೂನ್‌ನಲ್ಲಿ ಕೋಳಿ, ಮೀನಿನ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿತು. ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳ ಬಣ್ಣ ನಿಂತದ್ದು ಅದೇ ವರ್ಷ ಮಾರ್ಚ್‌ನಲ್ಲಿ. ಬ್ಯಾಡಗಿ ಮೆಣಸಿನಕಾಯಿ ಇರುವ ನಾಡಿನಲ್ಲಿ ಕೆಂಪಿಗೆ ಡಬ್ಬಿ ಬಣ್ಣ ಬೇಕಾಯಿತೇ ಅಂತ ನನಗೆ ಆಶ್ಚರ್ಯ. ಸಾಸೇಜು, ಸಲಾಮಿಗಳಲ್ಲಿ ಐಎನ್‌ಎಸ್ 250, ಅಂದರೆ ಸೋಡಿಯಂ ನೈಟ್ರೈಟ್, ಇರುತ್ತದೆ. ಗುಲಾಬಿ ಬಣ್ಣ ಅದರದ್ದೇ, ಒಂದು ವಿಷಕಾರಿ ಬ್ಯಾಕ್ಟೀರಿಯಾವನ್ನು ತಡೆಯುವುದೂ ಅದೇ. ಹಾಗಿದ್ದರೂ ಸಂಸ್ಕರಿತ ಮಾಂಸ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿದೆ. ಮಕ್ಕಳ ಡಬ್ಬಿಗೆ ದಿನಾ ಅದೇ ಬೇಡ.

ಹಲಾಲ್ ಮುದ್ರೆಯ ಬಗ್ಗೆ ಕೇಳುವವರಿದ್ದಾರೆ. ಅದು ಕುಯ್ಯುವ ರೀತಿಗೆ ಸಂಬಂಧಪಟ್ಟದ್ದು. ಅದು ಬೇಕಾದವರು ನೋಡಿಕೊಳ್ಳಲಿ, ಬೇಡವಾದವರು ಬಿಡಲಿ. ಫ್ರಿಜ್ಜು ಎಷ್ಟು ತಂಪಿತ್ತು ಅಂತ ಆ ಮುದ್ರೆಯೂ ಹೇಳುವುದಿಲ್ಲ.

ಲೇಬಲ್ಲು ಅಂದರೆ ಬರವಣಿಗೆಯೇ ಆಗಬೇಕಿಲ್ಲ. ಮಟನ್ ಅಂಗಡಿಯವರು ಮರಿ ತೂಗುಹಾಕಿದಾಗ ಬಾಲವನ್ನೋ ಬೀಜವನ್ನೋ ಹಾಗೇ ಬಿಟ್ಟಿರುತ್ತಾರೆ. ಇದು ಕುರಿಯೋ ಮೇಕೆಯೋ, ಗಂಡೋ ಹೆಣ್ಣೋ ಅಂತ ಗಿರಾಕಿಗೆ ತೋರಿಸಲು. ಓದುಬರಹ ಬಾರದವರೂ ಓದಬಹುದಾದ ಲೇಬಲ್ಲು ಅದು. ಅದಿಲ್ಲದ ಕಡೆ ಅನುಮಾನ ಎಷ್ಟು ಬೇಗ ಹುಟ್ಟುತ್ತದೆ ಅನ್ನುವುದಕ್ಕೆ 2024ರ ಜುಲೈ ಕೊನೆ ಸಾಕ್ಷಿ. ರಾಜಸ್ಥಾನದಿಂದ ರೈಲಿನಲ್ಲಿ ಬೆಂಗಳೂರಿಗೆ 90 ಪೆಟ್ಟಿಗೆ ಮಾಂಸ ಬಂತು. ಬಾಲ ಉದ್ದ ಇದೆ, ಇದು ನಾಯಿ ಮಾಂಸ ಅಂತ ಗದ್ದಲ ಎದ್ದಿತು. ಮಾದರಿಗಳು ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಗೆ ಹೋದವು. ಅಲ್ಲಿಂದ ಬಂದ ಉತ್ತರ: ಕುರಿ. ನಾಯಿ ಮಾಂಸ ಅನ್ನುವ ಮಾತು ಮೊಬೈಲುಗಳಲ್ಲಿ ಒಂದೇ ದಿನದಲ್ಲಿ ಮನೆಮನೆ ಮುಟ್ಟಿತ್ತು. ಕುರಿ ಅನ್ನುವ ಮಾತು ಎಷ್ಟು ಮನೆ ಮುಟ್ಟಿತೋ. ಆ ಗಲಾಟೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಇತ್ತು: ರಾಜಸ್ಥಾನದಿಂದ ಇಲ್ಲಿಯವರೆಗೆ ಆ ಪೆಟ್ಟಿಗೆಗಳು ಎಷ್ಟು ತಂಪಿನಲ್ಲಿ ಬಂದವು?

ಹಕ್ಕಿಜ್ವರದ ಭಯವೂ ನಮ್ಮ ಕಡೆಗೆ ಹೊಸದಲ್ಲ. 2012ರ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸಾಯತೊಡಗಿ, ಹಕ್ಕಿಜ್ವರ ಅಂತ ಗೊತ್ತಾಗಿ, ಅಲ್ಲಿನ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. 2025ರ ಫೆಬ್ರುವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕಾಣಿಸಿಕೊಂಡಿತು. ಚೆನ್ನಾಗಿ ಬೇಯಿಸಿದರೆ ಆ ವೈರಸ್ಸು ಉಳಿಯುವುದಿಲ್ಲ. ಒಳಗಿನ ತುಂಡು 70 ಡಿಗ್ರಿ ಮುಟ್ಟಿದರೆ ಸಾಕು, ನಮ್ಮ ಸಾರು ಅದನ್ನು ದಾಟಿ ಎಷ್ಟೋ ಹೊತ್ತು ಕುದಿಯುತ್ತದೆ. ಆದರೆ ಕೋಳಿ ಯಾವ ಫಾರಂನದು ಅಂತ ಹುಡುಕಿಕೊಂಡು ಹೋಗಬೇಕಾದರೆ ಇರುವ ದಾರಿ ಪೊಟ್ಟಣದ ಮೇಲಿನ ಬ್ಯಾಚ್ ನಂಬರ್ ಮಾತ್ರ.

ನಿಜವಾದ ಕಥೆ ಶುರುವಾಗುವುದು ಬಿಲ್ ಹಾಕಿಸಿದ ಮೇಲೆ. ಮೊದಲೆಲ್ಲ ನಾನು ಯಶವಂತಪುರದ ಕಡೆ ಕೆಲಸ ಮುಗಿಸಿ, ಅಲ್ಲೇ ಮಾಂಸ ಕೊಂಡು, ಬಟ್ಟೆ ಚೀಲಕ್ಕೆ ಹಾಕಿ ಬಸ್ಸು ಹತ್ತುತ್ತಿದ್ದೆ. ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ, ಎಂಟನೇ ಮೈಲಿ. ಸಂಜೆ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ. ಮೇ ತಿಂಗಳಾದರೆ ಆ ಚೀಲದೊಳಗೆ ಏನಾಗುತ್ತಿತ್ತೋ ಲೆಕ್ಕ ಈಗಾಗಲೇ ಹೇಳಿದೆ. ಹಸಿ ಮಾಂಸ ಹೊರಗಿರಬಹುದಾದದ್ದು ಹೆಚ್ಚೆಂದರೆ ಎರಡು ಗಂಟೆ, ಬಿರುಬೇಸಗೆಯಲ್ಲಿ ಒಂದೇ ಗಂಟೆ. ಮಾಂಸವನ್ನು ತಂಪಾಗಿ ತರುವುದನ್ನು ನನಗೆ ಕಲಿಸಿದವಳು ಯಲಹಂಕದ ನಮ್ಮತ್ತಿಗೆ. 2025ರ ಏರ್ ಶೋಗಾಗಿ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರಿನಲ್ಲಿ ಜನವರಿ 23ರಿಂದ ಫೆಬ್ರುವರಿ 17ರವರೆಗೆ ಮಾಂಸದಂಗಡಿ ಬಂದ್ ಮಾಡಿಸಿದ್ದರು. ಎಸೆದ ಚೂರಿಗೆ ಹದ್ದುಗಳು ಬರುತ್ತವೆ, ಹದ್ದು ವಿಮಾನಕ್ಕೆ ಬಡಿಯುತ್ತದೆ ಅಂತ. ಆಗ ಒಂದು ಭಾನುವಾರ ಅಣ್ಣ, ಅತ್ತಿಗೆ ನಮ್ಮ ಮನೆಗೇ ಊಟಕ್ಕೆ ಬಂದರು. ಅತ್ತಿಗೆಯ ಕೈಯಲ್ಲಿ ಹಿಂದೆಂದೋ ಮೀನು ತರಿಸಿದ್ದ ಥರ್ಮಕೋಲ್ ಡಬ್ಬ, ಅದರೊಳಗೆ ನೀರು ಹೆಪ್ಪುಗಟ್ಟಿಸಿದ ಎರಡು ಬಾಟಲಿ. ದಾರಿಯಲ್ಲಿ ಕೊಂಡ ಮಟನ್ ಅವುಗಳ ನಡುವೆ ಆರಾಮಾಗಿ ಮಲಗಿತ್ತು. ಖರ್ಚಿಲ್ಲದ ಉಪಾಯ. ಈಗ ನಾನೂ ಹಾಗೇ ಮಾಡುತ್ತೇನೆ, ಅಂಗಡಿಯಲ್ಲಿ ಬೇಳೆ, ಸೋಪು ಎಲ್ಲ ಆದ ಮೇಲೆ ಕೊನೆಗೆ ಮಾಂಸ ತೆಗೆದುಕೊಳ್ಳುತ್ತೇನೆ.

ಮನೆಯ ಫ್ರಿಜ್ಜಿನಲ್ಲಿ ಮಾಂಸದ ಜಾಗ ತೀರಾ ಕೆಳಗಿನ ತಟ್ಟೆ. ಮೇಲಿಟ್ಟರೆ ಸೋರಿ ಮೊಸರಿನ ಮೇಲೆ ಬೀಳುತ್ತದೆ. ತೊಳೆಯುವ ವಿಷಯಕ್ಕೆ ಬಂದರೆ ಜಗಳ. ಅರಿಶಿನ, ಉಪ್ಪು ಹಾಕಿ ಏಳು ನೀರಿನಲ್ಲಿ ತೊಳೆಯದ ಕೋಳಿಯನ್ನು ಅವ್ವ ಒಲೆಗಿಡುವುದಿಲ್ಲ. ಆದರೆ ನಲ್ಲಿಯಡಿ ರಪರಪ ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಹನಿಗಳ ಜೊತೆ ಹಾರಿ ಸಿಂಕು, ಪಕ್ಕದ ಲೋಟ, ಕೊತ್ತಂಬರಿ ಸೊಪ್ಪಿನ ಮೇಲೆ ಕೂರುತ್ತದೆ. ನಾವಿಬ್ಬರೂ ರಾಜಿಯಾದದ್ದು ಹೀಗೆ: ಆಳವಾದ ಪಾತ್ರೆಯಲ್ಲಿ ನೀರು ತುಂಬಿ ಅದರೊಳಗೇ ಮೆಲ್ಲಗೆ ಜಾಲಿಸುವುದು, ಆಮೇಲೆ ಸಿಂಕನ್ನೂ ಕೈಯನ್ನೂ ಸೋಪು ಹಾಕಿ ತೊಳೆಯುವುದು.

ಇನ್ನೊಂದು. ನಮ್ಮ ಕಾಯಿಲೆ ಸಾರಿನಲ್ಲಿಲ್ಲ, ಸಾರಿನ ಪಕ್ಕದಲ್ಲಿದೆ. ಮುದ್ದೆ, ಬಾಡಿನ ಸಾರಿನ ಜೊತೆ ನಂಚಿಕೊಳ್ಳಲು ಈರುಳ್ಳಿ, ಸೌತೆಕಾಯಿ, ನಿಂಬೆಹಣ್ಣು ಹೆಚ್ಚುತ್ತೇವಲ್ಲ, ಎಷ್ಟು ಮನೆಗಳಲ್ಲಿ ಅದು ಕೋಳಿ ಕತ್ತರಿಸಿದ ಹಲಗೆಯ ಮೇಲೆ, ಅದೇ ಚಾಕುವಿನಲ್ಲಿ? ಕೋಳಿ ಅರ್ಧ ಗಂಟೆ ಕುದಿಯುತ್ತದೆ, ಈರುಳ್ಳಿ ಹಸಿಯಾಗೇ ಬಾಯಿಗೆ ಹೋಗುತ್ತದೆ. ಈರುಳ್ಳಿಯನ್ನು ಮೊದಲು ಹೆಚ್ಚಿ ಮುಚ್ಚಿಡಿ. ಇನ್ನು ‘ನಾಳೆಗೆ ಸಾರು ಇನ್ನೂ ರುಚಿ’ ಅಂತ ದೊಡ್ಡ ಪಾತ್ರೆಯನ್ನು ರಾತ್ರಿಯಿಡೀ ಒಲೆಯ ಮೇಲೇ ಬಿಡುವ ಅಭ್ಯಾಸ. ನಿಧಾನಕ್ಕೆ ಆರುವ ಬಾಡಿನ ಸಾರಿನಲ್ಲಿ ಬೆಳೆಯಲೆಂದೇ ಕ್ಲಾಸ್ಟ್ರಿಡಿಯಂ ಅನ್ನುವ ಒಂದು ಜಾತಿ ಇದೆ, ಅದರ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಉಳಿದದ್ದನ್ನು ಸಣ್ಣ ಪಾತ್ರೆಗಳಿಗೆ ಹಾಕಿ ಎರಡು ಗಂಟೆಯೊಳಗೆ ಫ್ರಿಜ್ಜಿಗಿಡಿ. ಬೆಳಿಗ್ಗೆ ಕೊತಕೊತ ಕುದಿಸಿ ತಿನ್ನಿ. ರುಚಿ ಎಲ್ಲೂ ಹೋಗುವುದಿಲ್ಲ.

ಮಾಂಸ ಬೆಂದ ಮೇಲೂ ಪೊಟ್ಟಣದ ಹೊದಿಕೆಯನ್ನು ಒಂದೆರಡು ದಿನ ಎಸೆಯಬೇಡಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಬ್ಯಾಚ್ ನಂಬರು, ತಾರೀಖು, ಆ 14 ಅಂಕಿಗಳು ಅದರಲ್ಲೇ ಇವೆ. ಬಿಲ್ಲನ್ನೂ ಇಟ್ಟುಕೊಂಡಿರಿ. ದೂರು ಕೊಡಲು ಎಫ್‌ಎಸ್‌ಎಸ್‌ಎಐ ಉಚಿತ ದೂರವಾಣಿ 1800 112 100. ತೂಕ, ಬೆಲೆಯ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಾನು ಆ ಎರಡು ಲೇಬಲ್ಲಿನ ಪೊಟ್ಟಣವನ್ನು ಸುಮ್ಮನೆ ಬಿಟ್ಟುಬಂದ ಹಾಗೆ ನೀವು ಬಿಟ್ಟುಬರಬೇಡಿ.

ವಾರದ ಕೋಳಿಯನ್ನು ನಾನು ಸೂಪರ್ ಮಾರ್ಕೆಟ್ಟಿನಿಂದಲೇ ತರುತ್ತೇನೆ. ಅವ್ವ ಈಗ ಪೊಟ್ಟಣವನ್ನು ಮೂಗಿಗೆ ಹಿಡಿಯುವುದಿಲ್ಲ, ಕೆನ್ನೆಗೆ ಒತ್ತಿ ತಂಪು ನೋಡುತ್ತಾಳೆ. ಆದರೆ ವರ್ಷತೊಡಕಿನ ಬಾಡಿಗೆ ಊರಿನಲ್ಲಿ ಈ ವರ್ಷವೂ ಚೀಟಿ ಕಟ್ಟಿದ್ದೇವೆ, ಎರಡು ಗುಡ್ಡೆಗೆ.